ಹೆತ್ತ ಋಣ, ಸಾಕಿದ ಋಣ

ಭೂತಯ್ಯ ಸತ್ತಿದ್ದಾನೆ. ಹೆಣಕ್ಕೆ ಹೆಗಲು ಕೊಡಲು ಊರಿನಲ್ಲಿ ಯಾರೂ ಮುಂದೆ ಬರುವುದಿಲ್ಲ. ಬಡ್ಡಿಗೆ ಸಾಲ ಕೊಟ್ಟು ಜನರ ಹೊಲ ಮನೆ ನುಂಗಿದವನ ಮೇಲಿನ ಸಿಟ್ಟು ಅವನ ಜೊತೆ ಮಣ್ಣಾಗುವುದೂ ಇಲ್ಲ. ಪಕ್ಕದಲ್ಲಿ ನಿಂತ ಮಗನಿಗೆ ಸುತ್ತಿಕೊಳ್ಳುತ್ತದೆ. ಸಿದ್ಧಲಿಂಗಯ್ಯ 1974ರಲ್ಲಿ ತೆಗೆದ 'ಭೂತಯ್ಯನ ಮಗ ಅಯ್ಯು' ಚಿತ್ರದಲ್ಲಿ ಲೋಕೇಶ್ ಅಭಿನಯಿಸಿದ ಅಯ್ಯು ಏನೇ ಮಾಡಲಿ, ಊರಿನ ಕಣ್ಣಿಗೆ ಅವನು ಮೊದಲು ಭೂತಯ್ಯನ ಮಗ, ಆಮೇಲೆ ಮನುಷ್ಯ. ಚಿತ್ರದ ಮೂಲಕಥೆ ಗೊರೂರು ರಾಮಸ್ವಾಮಿ ಅಯ್ಯಂಗಾರರದು. ಹಾಸನದಿಂದ ಅರಕಲಗೂಡಿನ ಕಡೆ ಹೋಗುವ ದಾರಿಯಲ್ಲಿ, ಹೇಮಾವತಿಯ ದಂಡೆಯಲ್ಲಿರುವ ಗೊರೂರು ಅವರ ಹುಟ್ಟೂರು.

ಅದೇ ಜಿಲ್ಲೆಯ ಇನ್ನೊಂದು ಮಗ್ಗುಲಲ್ಲಿ, ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ, ಎಸ್. ಎಲ್. ಭೈರಪ್ಪ ಹುಟ್ಟಿದರು. ಗೊರೂರರ ಪ್ರಭಾವ ಬಾಲ್ಯದಲ್ಲೇ ಅವರ ಮೇಲೆ ಬಿದ್ದಿತ್ತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ತೆಂಗು ರಾಗಿಯ ಸೀಮೆಯಿಂದ ಬಂದ ಈ ಇಬ್ಬರ ಬರವಣಿಗೆಯ ರೀತಿ ಬೇರೆ ಬೇರೆ. ಗೊರೂರರಲ್ಲಿ ಹಳ್ಳಿಯ ನಗೆಯಿದೆ, ಭೈರಪ್ಪನವರಲ್ಲಿ ಹಳ್ಳಿಯ ಹಸಿವಿದೆ. ಆದರೆ ಇಬ್ಬರ ಕಥೆಗಳೂ ಒಂದು ಪ್ರಶ್ನೆಯ ಹತ್ತಿರ ಬಂದು ನಿಲ್ಲುತ್ತವೆ. ತನ್ನ ಮನೆಯನ್ನು ತಾನು ಆರಿಸಿಕೊಳ್ಳದ ಹುಡುಗ ಆ ಮನೆಗೆ ಏನು ಬಾಕಿ? ಹುಟ್ಟಿದ್ದಕ್ಕೇ ಸಾಲಗಾರನೋ, ಸಾಕಿಸಿಕೊಂಡದ್ದಕ್ಕೆ ಮಾತ್ರವೋ?

ಈ ಪ್ರಬಂಧದ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹುಟ್ಟಿನಿಂದ ಋಣ ಹುಟ್ಟುವುದು ನಿಜ. ಆದರೆ ಅದು ಹೆತ್ತವರ ತಲೆಯ ಮೇಲಿನ ಋಣ, ಮಗುವಿನದಲ್ಲ. ಮಗುವಿನ ಋಣ ಆಮೇಲೆ, ಅನ್ನ ಹಾಕಿದ ಕೈಯಿಂದ, ಜ್ವರ ಬಂದ ರಾತ್ರಿ ಎಚ್ಚರವಿದ್ದ ಕಣ್ಣಿನಿಂದ ಶುರುವಾಗುತ್ತದೆ. ಆ ಕೈ ಹೆತ್ತವರದೇ ಆಗಿದ್ದರೆ ಸಂತೋಷ. ಆಗಿರದಿದ್ದರೆ ಋಣ ಯಾರ ಕೈ ಕಾಪಾಡಿತೋ ಅವರಿಗೆ ಸಲ್ಲಬೇಕು.

1970ರಲ್ಲಿ ಬಂದ ಭೈರಪ್ಪನವರ 'ಗೃಹಭಂಗ' ಇದಕ್ಕೆ ದೊಡ್ಡ ಸಾಕ್ಷಿ. ತಿಪಟೂರು, ಚನ್ನರಾಯಪಟ್ಟಣದ ಸೀಮೆಯ ಬದುಕನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ತೆರೆದಿಟ್ಟ ಕಾದಂಬರಿ ಕನ್ನಡದಲ್ಲಿ ವಿರಳ. ಚೆನ್ನಿಗರಾಯ ಹೆಸರಿಗೆ ಶ್ಯಾನುಭೋಗ. ಲೆಕ್ಕ ಬರೆಯಲು ಬಾರದು, ಕಲಿಯುವ ಮನಸ್ಸೂ ಇಲ್ಲ. ಖಾತೆ ಕಿರ್ದಿಗಳನ್ನು ಹೆಂಡತಿ ನಂಜಮ್ಮ ಬರೆಯುತ್ತಾಳೆ; ಮುತ್ತುಗದ ಎಲೆ ತಂದು, ಹಚ್ಚಿ, ಮಾರಿ ಮಕ್ಕಳ ಹೊಟ್ಟೆ ಹೊರೆಯುತ್ತಾಳೆ. ಗಂಡನಿಗೆ ಬೇಕಾದದ್ದು ತನ್ನ ಎಲೆಯ ಮೇಲೆ ಬಿದ್ದರೆ ಸಾಕು. ಅತ್ತೆ ಗಂಗಮ್ಮನ ಬಾಯಲ್ಲಿ ಬೈಗುಳ ಬಿಟ್ಟು ಬೇರೇನೂ ಹೊರಡುವುದಿಲ್ಲ. ಪ್ಲೇಗು ಬಂದಾಗ ಇಲಿ ಬಿದ್ದ ಊರನ್ನು ಬಿಟ್ಟು ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಾರೆ. ಮದುವೆಯಾದ ಮಗಳು ಪಾರ್ವತಿ, ಓದುತ್ತಿದ್ದ ಹುಡುಗ ರಾಮಣ್ಣ ಬೆನ್ನು ಬೆನ್ನಿಗೆ ಹೋಗುತ್ತಾರೆ. ಕಡೆಗೆ ನಂಜಮ್ಮನೂ ಉಳಿಯುವುದಿಲ್ಲ.

ಉಳಿಯುವವನು ವಿಶ್ವ. ಅವನು ಯಾರ ಮಗನಾಗಿ ಬೆಳೆಯಬೇಕು ಎಂಬುದೇ ಕಾದಂಬರಿಯ ಕೊನೆಯ ಪ್ರಶ್ನೆ. ತಂದೆ ಬದುಕಿದ್ದಾನೆ, ಅಜ್ಜಿ ಇದ್ದಾಳೆ, ಚಿಕ್ಕಪ್ಪ ಇದ್ದಾನೆ, ತಾಯಿಯ ಕಡೆಯವರೂ ಇದ್ದಾರೆ. ವಿಶ್ವ ಹೊರಡುವುದು ಮಹಾದೇವಯ್ಯನ ಜೊತೆ. ಗುಡಿಯಲ್ಲಿದ್ದುಕೊಂಡು ಭಿಕ್ಷೆ ಬೇಡಿ ಬದುಕುವ, ಬೇರೆ ಜಾತಿಯ ಜಂಗಮ ಆತ. ರಕ್ತದ ನಂಟಿಲ್ಲ, ಕುಲದ ನಂಟಿಲ್ಲ, ಆಸ್ತಿಯಂತೂ ಇಲ್ಲವೇ ಇಲ್ಲ. ಇದ್ದದ್ದು ಆ ಮನೆಯ ಕಷ್ಟವನ್ನು ವರ್ಷಗಟ್ಟಲೆ ನೋಡಿ ನೆರವಾಗುತ್ತ ಬಂದ ಪರಿಚಯ. 1970ರ ಓದುಗ ಸಮಾಜದಲ್ಲಿ ಶ್ಯಾನುಭೋಗರ ಮನೆಯ ಬ್ರಾಹ್ಮಣ ಹುಡುಗನನ್ನು ಜಂಗಮನ ಕೈಗೆ ಒಪ್ಪಿಸಿ ಕಾದಂಬರಿ ಮುಗಿಸುವುದು ಸಣ್ಣ ಧೈರ್ಯವಲ್ಲ. ಇದನ್ನು ಓದುಗರು ಹೆಚ್ಚಾಗಿ ಕರುಣೆಯ ಕೊನೆ ಎಂದು ಓದಿದ್ದಾರೆ. ಇದು ಕರುಣೆಗಿಂತ ಹೆಚ್ಚಾಗಿ ನ್ಯಾಯದ ತೀರ್ಪು. ತಂದೆತನ ಎಂಬ ಹಕ್ಕನ್ನು ಚೆನ್ನಿಗರಾಯ ದಿನದಿನವೂ ಕೈಬಿಡುತ್ತ ಬಂದ. ಮಹಾದೇವಯ್ಯ ತನಗೆ ಗೊತ್ತಿಲ್ಲದೆಯೇ ಅದನ್ನು ಸಂಪಾದಿಸುತ್ತ ಬಂದ.

ಈ ಕಥೆಯ ಬೇರು ಲೇಖಕರ ಬದುಕಿನಲ್ಲೇ ಇದೆ ಎಂಬುದನ್ನು ಆತ್ಮಕಥೆ 'ಭಿತ್ತಿ' ಓದಿದವರು ಬಲ್ಲರು. ತಾಯಿ ಗೌರಮ್ಮ, ಒಡಹುಟ್ಟಿದವರು ಪ್ಲೇಗಿಗೆ ತುತ್ತಾದರು. ತಂದೆ ಇದ್ದೂ ಆಸರೆಯಾಗಲಿಲ್ಲ. ಹುಡುಗ ಸಿಕ್ಕ ಕೆಲಸ ಮಾಡಿ ಓದಿದ. ಹದಿಹರೆಯದಲ್ಲಿ ಓದು ಬಿಟ್ಟು ಅಲೆದ. ಮುಂಬೈಯ ರೈಲು ನಿಲ್ದಾಣದಲ್ಲಿ ಕೂಲಿಯಾದ, ಸಾಧುಗಳ ಗುಂಪು ಸೇರಿದ, ತಿರುಗಿ ಮೈಸೂರಿಗೆ ಬಂದು ಓದು ಹಿಡಿದ. ಮುಂದೆ ಅವನು ಓದಿದ್ದೂ ಕಲಿಸಿದ್ದೂ ತತ್ವಶಾಸ್ತ್ರ. ಸಾವು ಎಂದರೇನು ಎಂಬ ಪ್ರಶ್ನೆ ಪಠ್ಯಪುಸ್ತಕಕ್ಕಿಂತ ಮೊದಲೇ ಮನೆಯೊಳಗೆ ಬಂದವನಿಗೆ ಬೇರೆ ಯಾವ ಶಾಸ್ತ್ರ ಹಿಡಿಸೀತು? 2025ರ ಸೆಪ್ಟೆಂಬರ್ 24ರಂದು ತೀರಿಕೊಂಡ ಭೈರಪ್ಪ ಬದುಕಿನ ಕೊನೆಯ ವರ್ಷಗಳಲ್ಲಿ ಸಂತೇಶಿವರದ ಸುತ್ತಲಿನ ಕೆರೆಗಳಿಗೆ ನೀರು ತುಂಬಿಸಿ ಎಂದು ಸರ್ಕಾರದ ಬೆನ್ನು ಬಿದ್ದಿದ್ದರು. ತಂದೆ ಕೊಡದ ಅನ್ನವನ್ನು ಹಲವು ಮನೆಗಳಲ್ಲಿ ಉಂಡು ಬೆಳೆದವರು ಋಣವನ್ನು ಊರಿಗೆ ತೀರಿಸಲು ನೋಡಿದ್ದು ಸಹಜವೇ ಆಗಿತ್ತು.

ಇನ್ನು ಜರ್ಮನಿಯ ಕಡೆ ಒಮ್ಮೆ ನೋಡಬೇಕು. ಅಲ್ಲಿಯ ಸಿನಿಮಾ ಇದೇ ಪ್ರಶ್ನೆಯನ್ನು ಬೇರೆ ದಾರಿಯಿಂದ ಎತ್ತಿಕೊಂಡಿದೆ. ಮಾರ್ಕ್ ಬ್ರುಮುಂಡ್ ನಿರ್ದೇಶನದ 'ಫ್ರೈಶ್ಟಾಟ್' 2015ರಲ್ಲಿ ತೆರೆಗೆ ಬಂತು. ಕಾಲ 1968. ಹದಿನಾಲ್ಕರ ಹುಡುಗ ವೋಲ್ಫ್‌ಗಾಂಗ್‌ನನ್ನು ಕಂಡರೆ ಮಲತಂದೆಗೆ ಆಗದು. ಹುಡುಗ ಹದ್ದು ಮೀರಿದ್ದಾನೆ ಎಂಬ ನೆಪದಲ್ಲಿ ಅವನನ್ನು ಚರ್ಚಿನವರು ನಡೆಸುವ ಆಶ್ರಮಕ್ಕೆ ದಬ್ಬಲಾಗುತ್ತದೆ. ಅಲ್ಲಿ ಶಿಕ್ಷಣದ ಹೆಸರಿನಲ್ಲಿ ನಡೆಯುವುದು ಜವುಗು ನೆಲದಲ್ಲಿ ಪೀಟ್ ಮಣ್ಣು ಅಗೆಯುವ ಜೀತ, ಹೊಡೆತ, ಅವಮಾನ. ಚಿತ್ರದಲ್ಲಿ ಎದೆ ಹಿಂಡುವುದು ಮಲತಂದೆಯ ಕ್ರೌರ್ಯಕ್ಕಿಂತ ತಾಯಿಯ ಅಸಹಾಯಕತೆ. ಮಗನ ಮೇಲೆ ಅವಳಿಗೆ ಪ್ರೀತಿಯಿದೆ, ಗಂಡನೆದುರು ನಿಲ್ಲುವ ಬಲವಿಲ್ಲ. ಇದು ಕಟ್ಟುಕಥೆಯಷ್ಟೇ ಅಲ್ಲ, ಹಾಗೆ ಬದುಕಿ ಬಂದವರ ಅನುಭವದ ಮೇಲೆ ನಿಂತ ಚಿತ್ರ. ಎರಡನೆಯ ಮಹಾಯುದ್ಧದ ನಂತರ, 1975ರವರೆಗೆ ಪಶ್ಚಿಮ ಜರ್ಮನಿಯ ಇಂಥ ಆಶ್ರಮಗಳಲ್ಲಿ 7ರಿಂದ 8 ಲಕ್ಷ ಮಕ್ಕಳು ಇದ್ದರೆಂದು ಅಂದಾಜು. ದಶಕಗಳ ಮೌನದ ನಂತರ ಅವರು ಸಂಸತ್ತಿನ ಬಾಗಿಲು ತಟ್ಟಿದರು. 2009 ಮತ್ತು 2010ರಲ್ಲಿ ದುಂಡುಮೇಜಿನ ಸಭೆಗಳು ನಡೆದವು. 2012ರಲ್ಲಿ 12 ಕೋಟಿ ಯೂರೋಗಳ ಪರಿಹಾರ ನಿಧಿ ಶುರುವಾಯಿತು. ಮಕ್ಕಳಿಗೆ ಹಿರಿಯರು ಬಾಕಿ ಉಳಿಸಿಕೊಂಡದ್ದನ್ನು ಒಂದು ದೇಶ ಕಾಗದದ ಮೇಲೆ ಒಪ್ಪಿಕೊಂಡ ಗಳಿಗೆ ಅದು.

ಆ ಒಪ್ಪಿಗೆಯ ತಾತ್ವಿಕ ಬುನಾದಿ ಅದೇ ನೆಲದಲ್ಲಿ ಎಂದೋ ಬಿದ್ದಿತ್ತು. ಇಮಾನ್ಯುಯೆಲ್ ಕಾಂಟ್ 1797ರ ತನ್ನ ನೀತಿ ಮೀಮಾಂಸೆಯ ಗ್ರಂಥದಲ್ಲಿ ತಂದೆತಾಯಿಯ ಕರ್ತವ್ಯವನ್ನು ಕುರಿತು ಒಂದು ನೇರವಾದ ತರ್ಕ ಮಂಡಿಸುತ್ತಾನೆ. ಮಗು ತನ್ನ ಒಪ್ಪಿಗೆಯಿಲ್ಲದೆ ಈ ಲೋಕಕ್ಕೆ ಬಂದಿದೆ. ತಂದವರು ತಮ್ಮಿಚ್ಛೆಯಿಂದ ತಂದಿದ್ದಾರೆ. ಆದ್ದರಿಂದ ಅದು ತನ್ನ ಸ್ಥಿತಿಯಲ್ಲಿ ನೆಮ್ಮದಿಯಾಗಿರುವಂತೆ ನೋಡಿಕೊಳ್ಳುವುದು ತಂದವರ ಹೊಣೆ. ಸಾಕಿದ ಖರ್ಚನ್ನು ಸಾಲವೆಂದು ಮಕ್ಕಳಿಂದ ವಸೂಲಿ ಮಾಡುವ ಹಕ್ಕು ಅವರಿಗಿಲ್ಲ. ಬೆಳೆದ ಮಕ್ಕಳು ಕೃತಜ್ಞರಾಗಿರಬೇಕು ನಿಜ, ಅದು ಸದ್ಗುಣಕ್ಕೆ ಸೇರಿದ ಮಾತೇ ಹೊರತು ಹಕ್ಕಿನ ಮಾತಲ್ಲ. ಕಾಂಟ್ ಕೂಡ ಹದಿಮೂರನೆಯ ವಯಸ್ಸಿಗೆ, 1737ರಲ್ಲಿ, ತಾಯಿಯನ್ನು ಕಳೆದುಕೊಂಡ ಹುಡುಗ. ಆ ತಾಯಿಯ ಬಗ್ಗೆ ಅವನು ಕೊನೆಯವರೆಗೂ ಪ್ರೀತಿಯಿಂದಲೇ ಮಾತಾಡಿದ. ಋಣವಿಲ್ಲ ಎಂದವನ ಎದೆಯಲ್ಲಿ ಕೃತಜ್ಞತೆ ಒಣಗಿರಲಿಲ್ಲ. ಈ ಎರಡೂ ಒಟ್ಟಿಗೆ ಇರಬಲ್ಲವು ಎಂಬುದಕ್ಕೆ ಅವನೇ ಉದಾಹರಣೆ.

ಇದು ಪಶ್ಚಿಮದ ಒಂಟಿ ವ್ಯಕ್ತಿವಾದ, ನಮ್ಮದು ಪಿತೃಋಣದ ಪರಂಪರೆ ಎಂದು ತಳ್ಳಿಹಾಕುವವರಿದ್ದಾರೆ. ಮನುಷ್ಯ ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಮೂರು ಋಣ ಹೊತ್ತೇ ಹುಟ್ಟುತ್ತಾನೆ ಎಂಬ ಮಾತು ವೇದದಷ್ಟು ಹಳೆಯದು, ಅದು ಸರಿ. ಆದರೆ ಪರಂಪರೆ ಒಂದೇ ಮಾತು ಆಡಿಲ್ಲ. ಹನ್ನೊಂದನೆಯ ಶತಮಾನದ ಕೊನೆಯ ಸುಮಾರಿಗೆ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕೂತು ಮಿತಾಕ್ಷರಾ ಬರೆದ ವಿಜ್ಞಾನೇಶ್ವರ ಕನ್ನಡ ನೆಲದವನು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿದ ಕ್ಷಣವೇ ಹಕ್ಕು ಬರುತ್ತದೆ, ತಂದೆ ಸಾಯುವವರೆಗೆ ಕಾಯಬೇಕಿಲ್ಲ ಎಂದು ಅವನು ವಾದಿಸಿ ಗೆದ್ದ. ಭಾರತದ ಬಹುಭಾಗ ಶತಮಾನಗಳ ಕಾಲ ಆ ವಾದದಂತೆ ನಡೆಯಿತು. ಆ ಹಕ್ಕಿನಿಂದ ಹೆಣ್ಣುಮಕ್ಕಳನ್ನು ಹೊರಗಿಟ್ಟದ್ದು ಅದರ ದೊಡ್ಡ ಕೊರತೆ. ಆದರೂ ಹುಟ್ಟು ಎಂಬುದು ಮಗುವಿಗೆ ಮೊದಲು ಕೊಡುವುದು ಸಾಲವನ್ನಲ್ಲ, ಹಕ್ಕನ್ನು ಎಂದು ಒಬ್ಬ ಕನ್ನಡಿಗ ಶಾಸ್ತ್ರಕಾರ ಕಾಂಟ್‌ಗಿಂತ ಏಳು ಶತಮಾನ ಮೊದಲೇ ಕಂಡಿದ್ದ. ತಂದೆಯ ಸಾಲ ಮಗ ತೀರಿಸಬೇಕು ಎಂದ ಸ್ಮೃತಿಗಳು ಕೂಡ ಕುಡಿತಕ್ಕೆ, ಜೂಜಿಗೆ ಮಾಡಿದ ಸಾಲಕ್ಕೆ ಮಗ ಹೊಣೆಯಲ್ಲ ಎಂದು ಬಿಟ್ಟುಕೊಟ್ಟಿವೆ.

ಐತರೇಯ ಬ್ರಾಹ್ಮಣದ ಶುನಃಶೇಪನ ಕಥೆಯಂತೂ ಇನ್ನೂ ಖಾರವಾಗಿದೆ. ಹಸಿವಿನಿಂದ ಕಂಗೆಟ್ಟ ಅಜೀಗರ್ತ ಮೂವರು ಮಕ್ಕಳಲ್ಲಿ ಒಬ್ಬನನ್ನು ಬಲಿಗೆ ಮಾರಲು ಒಪ್ಪುತ್ತಾನೆ. ಹಿರಿಯನನ್ನು ತಂದೆ ಬಿಟ್ಟುಕೊಡಲೊಲ್ಲ, ಕಿರಿಯನನ್ನು ತಾಯಿ ಬಿಟ್ಟುಕೊಡಲೊಲ್ಲಳು. ನಡುವಿನ ಹುಡುಗ ನೂರು ಹಸುಗಳಿಗೆ ಮಾರಾಟವಾಗುತ್ತಾನೆ. ಕಂಬಕ್ಕೆ ಕಟ್ಟಲು ಯಾರೂ ಮುಂದೆ ಬಾರದಿದ್ದಾಗ ತಂದೆಯೇ ಇನ್ನು ನೂರು ಹಸು ಪಡೆದು ಕಟ್ಟುತ್ತಾನೆ. ಕಡಿಯಲು ಮತ್ತೆ ನೂರು ಕೇಳಿ ಕತ್ತಿ ಮಸೆಯುತ್ತ ಬರುತ್ತಾನೆ. ಹುಡುಗ ದೇವತೆಗಳನ್ನು ಸ್ತುತಿಸಿ ಬಿಡುಗಡೆ ಹೊಂದಿದ ಮೇಲೆ ಅದೇ ತಂದೆ, ನನ್ನ ಮಗನನ್ನು ನನಗೆ ಕೊಡಿ ಎನ್ನುತ್ತಾನೆ. ಹುಡುಗ ಹೋಗುವುದಿಲ್ಲ. ನನಗಿಂತ ಮುನ್ನೂರು ಹಸು ನಿನಗೆ ಹೆಚ್ಚಾದವು ಎಂದು ಮುಖಕ್ಕೆ ಹೇಳಿ ವಿಶ್ವಾಮಿತ್ರನ ತೊಡೆಯೇರಿ ಕೂರುತ್ತಾನೆ, ಅವನ ಮಗನಾಗುತ್ತಾನೆ. ಇದನ್ನು ರಾಜಸೂಯದಲ್ಲಿ ಪಟ್ಟವೇರುವ ರಾಜನಿಗೆ ಕೇಳಿಸಬೇಕು ಎಂಬ ವಿಧಿಯಿತ್ತು. ತಂದೆಯನ್ನು ಬಿಟ್ಟ ಮಗನನ್ನು ಪರಂಪರೆ ಪಾಪಿ ಎನ್ನಲಿಲ್ಲ. ರಾಜನಾಗುವವನು ಕೇಳಬೇಕಾದ ಕಥೆಯ ನಾಯಕನನ್ನಾಗಿ ಮಾಡಿತು. ಸಂತೇಶಿವರದ ಸೀಮೆಯ ವಿಶ್ವ ಮಹಾದೇವಯ್ಯನ ಹಿಂದೆ ಹೊರಟಾಗ ಶುನಃಶೇಪ ನಡೆದ ದಾರಿಯಲ್ಲೇ ನಡೆದ.

ಇಲ್ಲಿಯವರೆಗೆ ಹಾದಿ ಸಲೀಸು, ಏಕೆಂದರೆ ಎದುರಿಗಿದ್ದವರು ಕೆಟ್ಟ ತಂದೆಯರು. ಭೈರಪ್ಪನವರ 'ವಂಶವೃಕ್ಷ' ಈ ನಿಲುವನ್ನು ನಿಜವಾಗಿ ಒರೆಗೆ ಹಚ್ಚುತ್ತದೆ. 1965ರ ಆ ಕಾದಂಬರಿಯನ್ನು ಬಿ. ವಿ. ಕಾರಂತ ಮತ್ತು ಗಿರೀಶ್ ಕಾರ್ನಾಡ್ ತೆರೆಗೆ ತಂದು 1971ರ ಸಾಲಿನ ಶ್ರೇಷ್ಠ ನಿರ್ದೇಶನದ ರಾಷ್ಟ್ರಪ್ರಶಸ್ತಿ ಪಡೆದರು, ಎಲ್. ವಿ. ಶಾರದಾ ಕಾತ್ಯಾಯನಿಯಾದರು. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಯರ ವಿಧವೆ ಸೊಸೆ ಕಾತ್ಯಾಯನಿ ಮರುಮದುವೆಯಾಗುತ್ತಾಳೆ. ಮಗು ಶ್ರೋತ್ರಿಯರ ಮನೆಯಲ್ಲೇ, ಆ ವಂಶದ ಕುಡಿಯಾಗಿ ಉಳಿಯುತ್ತದೆ. ವರ್ಷಗಳ ಮೇಲೆ ಹದಿಹರೆಯ ತಲುಪಿದ ಆ ಹುಡುಗ ತಾಯಿ ಪಾಠ ಹೇಳುವ ಕಾಲೇಜಿಗೇ ಬರುತ್ತಾನೆ. ಅವಳ ಕರುಳು ಕೂಗುತ್ತದೆ, ಅವನು ಕಲ್ಲಾಗಿರುತ್ತಾನೆ.

ಸಾಕಿದವರಿಗೆ ಮಾತ್ರ ಋಣ ಎಂಬ ಸೂತ್ರವನ್ನು ಹಾಗೇ ಅನ್ವಯಿಸಿದರೆ ಹುಡುಗ ಸರಿ, ತಾಯಿ ತಪ್ಪು. ಅವಳು ಸಾಕಲಿಲ್ಲ, ತಾತ ಸಾಕಿದರು. ಆದರೆ ಓದುಗನ ಮನಸ್ಸು ಈ ತೀರ್ಪನ್ನು ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಚೆನ್ನಿಗರಾಯನಿಗೆ ಸಾಕುವ ಅವಕಾಶ ಮನೆಯೊಳಗೇ, ಕೈಯಳತೆಯಲ್ಲೇ ಇತ್ತು. ಅವನು ತಿರುಗಿ ನೋಡಲಿಲ್ಲ. ಕಾತ್ಯಾಯನಿಗೆ ಅವಕಾಶವನ್ನೇ ಕೊಡಲಿಲ್ಲ. ಮರುಮದುವೆಯಾದ ಹೆಣ್ಣಿಗೆ ಮಗುವನ್ನು ಕೊಡದ ವ್ಯವಸ್ಥೆಯೇ ಮುಂದೆ ಅದೇ ಮಗುವನ್ನು ಅವಳ ನ್ಯಾಯಾಧೀಶನನ್ನಾಗಿ ಕೂರಿಸಿತು. ಹಾಗಾಗಿ ಸೂತ್ರಕ್ಕೆ ಒಂದು ತಿದ್ದುಪಡಿ ಬೇಕು: ಕೊಡಲಾರದೆ ಹೋದ ಮಮತೆಯನ್ನೂ ಕೊಡಲೊಲ್ಲದ ಮಮತೆಯನ್ನೂ ಒಂದೇ ಪಟ್ಟಿಯಲ್ಲಿ ಬರೆಯಕೂಡದು. ಫ್ರೈಶ್ಟಾಟ್‌ನ ತಾಯಿ ಈ ಎರಡರ ನಡುವೆ ಎಲ್ಲೋ ನಿಂತಿದ್ದಾಳೆ. ಅವಳನ್ನು ತೂಗಿ ನೋಡುವುದು ಕಷ್ಟವಾಗುವುದೂ ಅದಕ್ಕೇ.

'ವಂಶವೃಕ್ಷ'ದ ಅತಿ ದೊಡ್ಡ ತಿರುವು ಕೊನೆಯಲ್ಲಿದೆ. ಯಾವ ವಂಶದ ಶುದ್ಧಿಗಾಗಿ ಶ್ರೋತ್ರಿಯರು ಬದುಕನ್ನೇ ಮುಡಿಪಿಟ್ಟರೋ ಆ ವಂಶದ ರಕ್ತ ತಮ್ಮಲ್ಲಿ ಇಲ್ಲವೇ ಇಲ್ಲ, ವಾರಸುದಾರನಿಗಾಗಿ ತಮ್ಮ ಹುಟ್ಟು ಬೇರೆಯವನಿಂದ ಆದದ್ದು ಎಂದು ಅವರಿಗೆ ಹಳೆಯ ಕಾಗದಪತ್ರಗಳಿಂದ ತಿಳಿಯುತ್ತದೆ. ಆಸ್ತಿ ತಮ್ಮದಲ್ಲವೆಂದು ಬಿಟ್ಟುಕೊಟ್ಟು ಹೊರಡುತ್ತಾರೆ. ಇಲ್ಲಿ ಒಂದು ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಬೇಕು. ವಂಶ ಸುಳ್ಳಾಯಿತು; ಮೊಮ್ಮಗನಿಗೆ ಅವರು ಉಣಿಸಿದ್ದು, ಓದಿಸಿದ್ದು, ಕೈಹಿಡಿದು ನಡೆಸಿದ್ದು ಸುಳ್ಳಾಯಿತೇ? ಅದರಲ್ಲಿ ಒಂದು ದಿನವೂ ಸುಳ್ಳಾಗಲಿಲ್ಲ. ಬೀಜದ ಮೇಲೆ ನಿಂತ ಸಂಬಂಧ ಒಂದು ಕಾಗದದಿಂದ ಉರುಳಬಹುದು, ಆರೈಕೆಯ ಮೇಲೆ ನಿಂತದ್ದು ಉರುಳುವುದಿಲ್ಲ. ಭೈರಪ್ಪನವರನ್ನು ಸಂಪ್ರದಾಯದ ಪಕ್ಷಪಾತಿ ಎಂದು ಬಗೆದವರು ಈ ಜಾಗದಲ್ಲಿ ತುಸು ನಿಂತು ಓದಬೇಕು.

ಬೀಜದ ಹಕ್ಕನ್ನು ಈ ಜನ್ಮದ ಗಡಿಯನ್ನೂ ದಾಟಿಸಿದರೆ ಏನಾಗುತ್ತದೆ ಎಂಬುದು ಭೈರಪ್ಪನವರ 'ನಾಯಿ ನೆರಳು' ಕಾದಂಬರಿಯ ವಸ್ತು. ಗಿರೀಶ್ ಕಾಸರವಳ್ಳಿ ಅದನ್ನು 2006ರಲ್ಲಿ ಸಿನಿಮಾ ಮಾಡಿದರು. ಹರೆಯದ ಹುಡುಗನೊಬ್ಬ ತಾನು ಹೋದ ಜನ್ಮದಲ್ಲಿ ಇನ್ನೊಬ್ಬರ ಮಗನಾಗಿದ್ದೆ ಎನ್ನುತ್ತಾನೆ. ಮಗನನ್ನು ಕಳೆದುಕೊಂಡ ಆ ಮನೆ ಅವನನ್ನು ತಂದಿಟ್ಟುಕೊಳ್ಳುತ್ತದೆ, ವಿಧವೆ ಸೊಸೆಯ ಬದುಕು ತಲೆಕೆಳಗಾಗುತ್ತದೆ. ಪುನರ್ಜನ್ಮ ನಿಜವೋ ಸುಳ್ಳೋ ಎಂಬುದನ್ನು ಕಾಸರವಳ್ಳಿ ಬದಿಗಿಟ್ಟು, ನಂಬಿದವರಿಗೆ ಏನಾಯಿತು ಎಂದು ನೋಡುತ್ತಾರೆ. ಹಿರಿಯರ ಹಂಬಲ ಒಬ್ಬ ಹುಡುಗನನ್ನು ಮಗನೆಂದು ಹೆಸರಿಟ್ಟು ಕರೆದರೆ ಅವನು ಮಗನಾಗಿಬಿಡುವುದಿಲ್ಲ.

ಎದುರು ವಾದಗಳಲ್ಲಿ ಎರಡು ಗಟ್ಟಿಯಾದವು. ಆರೈಕೆಯನ್ನೇ ಅಳತೆ ಮಾಡಿದರೆ ಮನೆಯೆಂಬುದು ಕೊಟ್ಟು ತೆಗೆದುಕೊಳ್ಳುವ ಅಂಗಡಿಯಾಗುವುದಿಲ್ಲವೇ ಎಂಬುದು ಮೊದಲನೆಯದು. ಆದರೆ ಅಂಗಡಿಯ ಲೆಕ್ಕ ಇರುವುದು ಹುಟ್ಟಿನ ಋಣದಲ್ಲೇ: ಹೆತ್ತೆ, ಆದ್ದರಿಂದ ಕೊಡು. ಪ್ರೀತಿಯಿಂದ ಸಾಕಿದವರು ಲೆಕ್ಕ ಇಟ್ಟಿರುವುದಿಲ್ಲ. ನಂಜಮ್ಮ ಊರಿನ ಕಂದಾಯದ ಲೆಕ್ಕ ಬರೆದಳೇ ಹೊರತು ಮಕ್ಕಳ ಊಟದ ಲೆಕ್ಕ ಬರೆಯಲಿಲ್ಲ. ಎರಡನೆಯದು ಹೆಚ್ಚು ಮಾನವೀಯವಾದದ್ದು. ಹೊಣೆಗೇಡಿ ತಂದೆಯರೂ ಬಡತನದ, ಅಜ್ಞಾನದ, ತಮ್ಮದೇ ಹಾಳು ಬಾಲ್ಯದ ಕೂಸುಗಳಲ್ಲವೇ? ಅಜೀಗರ್ತ ಹಸಿದಿದ್ದ. ಚೆನ್ನಿಗರಾಯ ಗಂಗಮ್ಮನ ಮಗ. ಹೌದು, ಅವರಿಗೆ ಕರುಣೆ ಸಲ್ಲಲಿ, ಮುಪ್ಪಿನಲ್ಲಿ ಅನ್ನ ಔಷಧ ಸಲ್ಲಲಿ. ಅದನ್ನು ಕೊಡಬೇಕಾದದ್ದು ಸಮಾಜ, ಸರ್ಕಾರ. ಅವರಿಂದ ಮುರಿದುಹೋದ ಹುಡುಗನೊಬ್ಬನ ಹೆಗಲ ಮೇಲೆ ಅದನ್ನು ಕರ್ತವ್ಯವೆಂದು ಹೇರುವುದು ಅವನಿಗೆ ಎರಡನೆಯ ಸಲ ಮಾಡುವ ಅನ್ಯಾಯ. ಅವನಾಗಿ ಕೊಟ್ಟರೆ ಅದು ಅವನ ದೊಡ್ಡತನ.

ಈ ಮಾತು ಹಾಸನದ ಕಚೇರಿಗಳವರೆಗೂ ಹೋಗುತ್ತದೆ. ತಂದೆಯ ಸಾಲಕ್ಕೆ ಮಗ ಧರ್ಮದ ಪ್ರಕಾರ ಹೊಣೆ ಎಂಬ ಹಳೆಯ ತತ್ವವನ್ನು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆ ಮುಂದಿನ ಸಾಲಗಳ ಮಟ್ಟಿಗೆ ತೆಗೆದುಹಾಕಿತು. ಕಾನೂನಿನ ಕಣ್ಣಿನಲ್ಲಿ ಅಯ್ಯು ಅಪ್ಪನ ಲೆಕ್ಕದಿಂದ ಬಿಡುಗಡೆಯಾದ. ಎರಡೇ ವರ್ಷಕ್ಕೆ, 2007ರಲ್ಲಿ, ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಕಾಯ್ದೆ ಬಂತು. ತಮ್ಮನ್ನು ಸಾಕಲಾರದ ತಂದೆತಾಯಿ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಿದರೆ ಬೆಳೆದ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಲು ಅವಕಾಶವಿದೆ. ಬೀದಿಗೆ ಬಿದ್ದ ಎಷ್ಟೋ ವೃದ್ಧರಿಗೆ ಇದು ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ತಂದೆ ಮಗನಿಗೆ ಎಂದಾದರೂ ಅನ್ನ ಹಾಕಿದ್ದನೇ ಎಂಬ ಪ್ರಶ್ನೆಗೆ ಕಾಯ್ದೆಯಲ್ಲಿ ಜಾಗವಿಲ್ಲ. ಜರ್ಮನಿಯ ನಾಗರಿಕ ಸಂಹಿತೆಯ 1611ನೆಯ ಕಲಮಿನಲ್ಲಿ ಆ ಜಾಗವಿದೆ. ಮಗುವನ್ನು ಸಾಕುವ ಹೊಣೆಯನ್ನು ತೀರಾ ಕಡೆಗಣಿಸಿದ ಪೋಷಕರಿಗೆ ಆ ಮಗು ಮುಂದೆ ಕೊಡಬೇಕಾದ್ದು ಕಡಿಮೆಯಾಗಬಹುದು, ಪೂರ್ತಿ ಇಲ್ಲವಾಗಲೂಬಹುದು.

ನಮ್ಮ ಕಾಯ್ದೆಯಲ್ಲಿ ಇನ್ನೊಂದು ಕೊರತೆಯಿದೆ. ಪೋಷಕರೆಂದರೆ ಹೆತ್ತವರು, ದತ್ತು ಪಡೆದವರು, ಮಲತಂದೆ, ಮಲತಾಯಿ ಎಂದು ಅದು ಹೇಳುತ್ತದೆ. ಫ್ರೈಶ್ಟಾಟ್‌ನ ಮಲತಂದೆ ಆ ಪಟ್ಟಿಯಲ್ಲಿ ಸೇರುತ್ತಾನೆ, ಮಹಾದೇವಯ್ಯ ಸೇರುವುದಿಲ್ಲ. ಮಕ್ಕಳ ಕಡೆಯಿಂದ ನೋಡಿದರೆ ಕಾನೂನು ಈಚೆಗೆ ಒಂದಿಷ್ಟು ಕಣ್ಣು ತೆರೆದಿದೆ. ಬಾಲನ್ಯಾಯ ಕಾಯ್ದೆಯ ಅಡಿಯಲ್ಲಿ 2024ರಲ್ಲಿ ಬಂದ ಪೋಷಕತ್ವದ ಮಾರ್ಗಸೂಚಿಗಳ ಪ್ರಕಾರ ಮದುವೆಯಾಗದ, ಒಂಟಿಯಾಗಿರುವ ವ್ಯಕ್ತಿಯೂ ಮಕ್ಕಳ ಕಲ್ಯಾಣ ಸಮಿತಿಯ ಒಪ್ಪಿಗೆಯಿಂದ ಆಸರೆಯಿಲ್ಲದ ಮಗುವನ್ನು ಸಾಕಬಹುದು. ಒಂಟಿ ಗಂಡಸಾದರೆ ಗಂಡುಮಗುವನ್ನು ಮಾತ್ರ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅದಕ್ಕೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ಅಂದರೆ ಚನ್ನರಾಯಪಟ್ಟಣದಲ್ಲಿ ಇಂದು ಮಹಾದೇವಯ್ಯನಂಥವನೊಬ್ಬ ವಿಶ್ವನಂಥ ಹುಡುಗನ ಕೈ ಹಿಡಿಯಲು ಕಾನೂನಿನ ದಾರಿಯೊಂದು ಇದೆ. ಆದರೆ ಮೂವತ್ತು ವರ್ಷ ಕಳೆದು ಆ ಮುದುಕ ಹಾಸಿಗೆ ಹಿಡಿದಾಗ ಪಾಲನೆಗಾಗಿ ಅರ್ಜಿ ಹಾಕುವ ಹಕ್ಕು ಅವನಿಗಿರುವುದಿಲ್ಲ, ಚೆನ್ನಿಗರಾಯನಿಗೆ ಇರುತ್ತದೆ. 2007ರ ಕಾಯ್ದೆಗೆ ಆಗಬೇಕಾದ ತಿದ್ದುಪಡಿ ಎರಡು ಸಾಲಿನದು: ಸಾಕಿ ಬೆಳೆಸಿದವರನ್ನು ಪೋಷಕರ ಪಟ್ಟಿಗೆ ಸೇರಿಸಬೇಕು, ಮಗುವನ್ನು ಕೈಬಿಟ್ಟವರ ಅರ್ಜಿಯಲ್ಲಿ ಆ ಸಂಗತಿಯನ್ನು ವಿಚಾರಿಸುವ ಅಧಿಕಾರವನ್ನು ನ್ಯಾಯಮಂಡಳಿಗೆ ಕೊಡಬೇಕು.